ಮ್ಯೂನಿಕ್‌ಗೆ ಮಂಡ್ಯದ ಡಿಶ್ ಒಯ್ಯಬೇಕೇ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನವನು. ಎರಡು ವರ್ಷಗಳಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಬಾಡಿಗೆ ಮನೆ, ಮೂರನೇ ಮಹಡಿ, ದಕ್ಷಿಣಕ್ಕೆ ಬಾಲ್ಕನಿ. ದಸರೆಯ ಹೊತ್ತಿಗೆ ಅಪ್ಪ, ಅಮ್ಮ ಮೂರು ತಿಂಗಳಿಗೆಂದು ಬರುತ್ತಿದ್ದಾರೆ. ಅಮ್ಮನಿಗೆ ಸಂಜೆಯ ಧಾರಾವಾಹಿ ಬೇಕು. ಅಪ್ಪನಿಗೆ ಚಂದನ ಮತ್ತು ವಾರ್ತೆ ಇಲ್ಲದಿದ್ದರೆ ದಿನ ಹೋಗುವುದಿಲ್ಲ. ಊರಿನ ಮನೆಯ ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್ ಬಿಚ್ಚಿಸಿ ಅವರ ಜೊತೆಯಲ್ಲೇ ತರಿಸಿಕೊಳ್ಳಬಹುದೇ? ಇಲ್ಲಿ 50 ಎಂಬಿಪಿಎಸ್ ಇಂಟರ್ನೆಟ್ ಇದ್ದರೂ ಟಿವಿಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಐದು ವರ್ಷದ ಮಗಳಿಗೆ ಜರ್ಮನ್ ಕಾರ್ಯಕ್ರಮಗಳೂ ಬೇಕು. ಏನು ಕೊಳ್ಳಬೇಕು, ಏನು ಬೇಡ? ಮುಂದೆ ಊರಿಗೆ ಮರಳುವಾಗ ಟಿವಿ ತರಬಹುದೇ?

ಉತ್ತರ: ಡಿಶ್ ಬಿಚ್ಚಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಒಮ್ಮೆ ಬಿಚ್ಚಿದ ಡಿಶ್ ಅನ್ನು ಮತ್ತೆ ಅದೇ ಕೋನಕ್ಕೆ ಕೂರಿಸಲು ನಿಮ್ಮ ತಂದೆ ಊರಿಗೆ ಮರಳಿದ ಮೇಲೆ ಇನ್ನೊಬ್ಬರನ್ನು ಕರೆಸಿ ದುಡ್ಡು ಕೊಡಬೇಕಾಗುತ್ತದೆ.

ಕಾರಣ ಆಕಾಶದಲ್ಲಿದೆ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರಕ್ಕೆ, 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತವೆ. ಹಾಗಾಗಿ ನಮ್ಮ ಪಾಲಿಗೆ ಅವು ಒಂದೇ ಕಡೆ ನಿಂತಿರುತ್ತವೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಮೈಸೂರು, ಮಂಡ್ಯದ ತಾರಸಿಯಿಂದ ಅದು ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ತಲೆ ಎತ್ತಿ ನೋಡಬೇಕು. ಅದೇ ಉಪಗ್ರಹವನ್ನು ಮ್ಯೂನಿಕ್‌ನಿಂದ ಲೆಕ್ಕ ಹಾಕಿದರೆ ದಿಗಂತಕ್ಕಿಂತ ಮೂರು ಡಿಗ್ರಿ ಕೆಳಗೆ ಬರುತ್ತದೆ. ಅಂದರೆ ನಡುವೆ ಭೂಮಿಯೇ ಅಡ್ಡ ಇದೆ. ಎಷ್ಟೇ ದೊಡ್ಡ ಡಿಶ್ ಇಟ್ಟರೂ ಪ್ರಯೋಜನವಿಲ್ಲ. ಟಾಟಾ ಪ್ಲೇ ಬಳಸುವ 83 ಡಿಗ್ರಿಯ ಉಪಗ್ರಹಗಳು ದಿಗಂತದ ಮೇಲೇನೋ ಇವೆ, ಆದರೆ ಕೇವಲ ಮೂರೂವರೆ ಡಿಗ್ರಿ. ಬೀದಿಯ ಕೊನೆಯ ಮರವೊಂದೇ ಸಾಕು ಮರೆಮಾಡಲು. ಜೊತೆಗೆ ಆ ಉಪಗ್ರಹಗಳ ಕಿರಣವನ್ನು ಭಾರತದ ಮೇಲೆ ಬೀಳುವಂತೆಯೇ ರೂಪಿಸಿದ್ದಾರೆ. ಯುರೋಪಿನ ಮೇಲೆ ಬೀಳಲಿ ಎಂದು ಯಾರೂ ಬಯಸಿಲ್ಲ.

ಮೈಸೂರಿನ ಶಿವರಾಮಪೇಟೆಯ ನಮ್ಮ ಟಿವಿ ಅಂಗಡಿಗೆ ಈ ಪ್ರಶ್ನೆ ಹಿಡಿದು ಬರುವವರಲ್ಲಿ ಅನೇಕರು ‘ದುಬೈನಲ್ಲಿ ನಮ್ಮ ನೆಂಟರ ಮನೆಯಲ್ಲಿ ಬರುತ್ತದಲ್ಲ’ ಎನ್ನುತ್ತಾರೆ. ಬರುತ್ತಿತ್ತು, ನಾನೇ ಕಂಡಿದ್ದೇನೆ. ನಾನು ಮಸ್ಕತ್‌ನಲ್ಲಿ ಹನ್ನೊಂದು ವರ್ಷ ಡಿಶ್ ಕೂರಿಸುವ ಇದೇ ಕೆಲಸ ಮಾಡಿದವನು. ಅಲ್ಲಿಂದ ನಮ್ಮ ಉಪಗ್ರಹಗಳು ಆಕಾಶದಲ್ಲಿ ಸಾಕಷ್ಟು ಮೇಲಿವೆ. 83 ಡಿಗ್ರಿಯದು ಸುಮಾರು 50 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಕಿರಣದ ಅಂಚು ತೆಳುವಾಗಿ ಅಲ್ಲಿಗೂ ತಾಗುವುದರಿಂದ, ಇಲ್ಲಿ ಎರಡಡಿ ಡಿಶ್ ಮಾಡುವ ಕೆಲಸವನ್ನು ಅಲ್ಲಿ ನಾಲ್ಕಡಿಯದು ಮಾಡುತ್ತಿತ್ತು. ಆದರೆ ಇಲ್ಲಿನ ಡಿಟಿಎಚ್ ಕಂಪನಿಗಳಿಗೆ ಪರವಾನಗಿ ಇರುವುದು ಭಾರತದೊಳಗಿನ ವೀಕ್ಷಕರಿಗೆ ಸೇವೆ ಕೊಡಲು ಮಾತ್ರ. ಊರಿನ ವಿಳಾಸದಲ್ಲಿ ಪಡೆದ ಕಾರ್ಡನ್ನು ಹೊರದೇಶದಲ್ಲಿ ಬಳಸುವುದು ಕರಾರಿಗೆ ವಿರುದ್ಧ. ಅದು ಕೊಲ್ಲಿಗೂ ಅನ್ವಯಿಸುತ್ತದೆ, ನಿಮಗೂ ಅನ್ವಯಿಸುತ್ತದೆ. ತಗಡಿನ ಡಿಶ್‌ಗೆ, ಅದರ ಮುಂದೆ ಅಲೆ ಹಿಡಿಯುವ ಎಲ್‌ಎನ್‌ಬಿಗೆ ದೇಶದ ಹಂಗಿಲ್ಲ, ಯಾವ ಉಪಗ್ರಹಕ್ಕೆ ತಿರುಗಿಸಿದರೂ ದುಡಿಯುತ್ತವೆ. ಬಾಕ್ಸ್ ಮತ್ತು ಕಾರ್ಡ್ ಹಾಗಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಎರಡು ತುಂಡು ಮಾಡಿಕೊಳ್ಳಿ. ಕನ್ನಡ ನಿಮ್ಮ ಮನೆಗೆ ಇಂಟರ್ನೆಟ್ ತಂತಿಯಲ್ಲಿ ಬರಬೇಕು. ಜರ್ಮನ್ ಟಿವಿ ಗಾಳಿಯಲ್ಲಿ ಬರಬಹುದು. ಈ ಎರಡನ್ನು ಒಂದೇ ಸಾಧನದಿಂದ ಸಾಧಿಸಲು ಹೊರಟವರು ದುಡ್ಡು ಕಳೆದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೊದಲು ಆ ಸುತ್ತುವ ಚಕ್ರ. 50 ಎಂಬಿಪಿಎಸ್ ಕಡಿಮೆಯೇನಲ್ಲ. ಒಂದು ಎಚ್‌ಡಿ ವಾಹಿನಿ ಹರಿಯಲು ಸುಮಾರು 5 ಎಂಬಿಪಿಎಸ್ ಸಾಕು. ಮಗಳು ಒಂದು ಕೋಣೆಯಲ್ಲಿ, ಅಜ್ಜಿ ಇನ್ನೊಂದರಲ್ಲಿ ನೋಡಿದರೂ ಧಾರಾಳವಾಗಿ ಉಳಿಯುತ್ತದೆ. ಹೆಚ್ಚು ವೇಗದ ಯೋಜನೆಗೆ ಬದಲಾಯಿಸಿ ಎಂದು ಕಂಪನಿಯವರು ಹೇಳುತ್ತಾರೆ. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ರೂಟರ್ ಬಳಿ ಒಯ್ದು ಲ್ಯಾನ್ ವೈರ್ ಚುಚ್ಚಿ ವೇಗ ನೋಡಿ. ಆಮೇಲೆ ವೈರ್ ತೆಗೆದು, ಟಿವಿಯ ಪಕ್ಕದಲ್ಲಿ ಕುಳಿತು ವೈಫೈನಲ್ಲಿ ನೋಡಿ. ರೂಟರ್ ಬಳಿ 48 ಬಂದು ಟಿವಿ ಬಳಿ 6 ಬಂದರೆ ರೋಗ ಗೋಡೆಯಲ್ಲಿದೆ, ಕಂಪನಿಯಲ್ಲಿಲ್ಲ. ಈ ಎರಡನೇ ಪರೀಕ್ಷೆಯನ್ನು ಅಲ್ಲಿನ ಮಧ್ಯಾಹ್ನ ಮೂರೂವರೆಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಮಾಡಿ. ಕಟ್ಟಡದ ಎಲ್ಲರೂ ಮನೆಗೆ ಬಂದು ವೈಫೈ ಹಚ್ಚಿದಾಗ ಗಾಳಿಯಲ್ಲಿ ಸಂತೆ ಸೇರುತ್ತದೆ.

ಕುವೆಂಪುನಗರದ ಒಂದು ಮನೆಯಲ್ಲಿ ಆರು ತಿಂಗಳು ಇಂಥದ್ದೇ ದೂರು ಇತ್ತು. ಯಜಮಾನರು ಎರಡು ಬಾರಿ ಯೋಜನೆ ಬದಲಿಸಿದ್ದರು, ಒಂದು ಟಿವಿಯನ್ನೇ ಬದಲಿಸಿದ್ದರು. ಹೋಗಿ ನೋಡಿದರೆ ರೂಟರ್ ಕಬ್ಬಿಣದ ಬೀರುವಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ ನೇತಾಡುತ್ತಿತ್ತು. ಹದಿನೈದು ಮೀಟರ್ ಚಪ್ಪಟೆ ಲ್ಯಾನ್ ವೈರನ್ನು ಗೋಡೆಯ ಅಂಚಿನಲ್ಲಿ ಎಳೆದು, ಬಾಗಿಲ ಕೆಳಗೆ ತೂರಿಸಿ, ಟಿವಿಯ ಹಿಂದೆ ಚುಚ್ಚಿದೆ. ಅಂದಿನಿಂದ ದೂರು ನಿಂತಿತು. ನಿಮ್ಮ ಮನೆಯಲ್ಲೂ ನನ್ನ ಮೊದಲ ಸಲಹೆ ಅದೇ: ವೈರ್ ಎಳೆಯಿರಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲಾಗದು, ಆದರೆ ಚಪ್ಪಟೆ ವೈರಿಗೆ ಕೊರೆಯುವ ಅಗತ್ಯವಿಲ್ಲ. ಅದು ಸಾಧ್ಯವೇ ಇಲ್ಲದಿದ್ದರೆ ವಿದ್ಯುತ್ ತಂತಿಯಲ್ಲೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ ಸಿಗುತ್ತದೆ. ಒಂದನ್ನು ರೂಟರ್ ಬಳಿಯ ಸಾಕೆಟ್‌ಗೆ, ಇನ್ನೊಂದನ್ನು ಟಿವಿ ಬಳಿಯ ಸಾಕೆಟ್‌ಗೆ ನೇರವಾಗಿ ಚುಚ್ಚಬೇಕು, ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ವೇಗ ಬಿದ್ದುಹೋಗುತ್ತದೆ. ಅದೂ ಆಗದಿದ್ದರೆ ಮಾತ್ರ ವೈಫೈ. ರೂಟರನ್ನು ಎತ್ತರದಲ್ಲಿ, ತೆರೆದ ಜಾಗದಲ್ಲಿಡಿ. ನಡುವೆ ಒಂದೇ ಗೋಡೆ ಇದ್ದರೆ 5 ಗಿಗಾಹರ್ಟ್ಸ್ ಆರಿಸಿ. ಗೋಡೆಗಳು ಹೆಚ್ಚಾದಂತೆ ಆ ಅಲೆ ಬೇಗ ಸೊರಗುತ್ತದೆ, ಆಗ 2.4 ಗಿಗಾಹರ್ಟ್ಸ್ ಮೇಲು.

ಇನ್ನು ಆ ತಂತಿಯಲ್ಲಿ ಏನು ತರಿಸುವುದು? ಕನ್ನಡದ ಸುದ್ದಿವಾಹಿನಿಗಳು ಯೂಟ್ಯೂಬ್‌ನಲ್ಲಿ ದಿನವಿಡೀ ನೇರ ಪ್ರಸಾರ ಮಾಡುತ್ತವೆ, ಅದಕ್ಕೆ ಚಂದಾ ಬೇಕಿಲ್ಲ. ದೂರದರ್ಶನ ಚಂದನಕ್ಕೂ ಅಲ್ಲಿ ತನ್ನದೇ ವಾಹಿನಿ ಇದೆ. ಅಪ್ಪನಿಗೆ ಬೇಕಾದ ಬಹುಪಾಲು ಕಾರ್ಯಕ್ರಮಗಳು ಅಲ್ಲಿ ಸಿಗುತ್ತವೆ, ಜಂಬೂಸವಾರಿಯೂ ನೇರವಾಗಿ ಬರುತ್ತದೆ. ಮೈಸೂರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಮೆರವಣಿಗೆ ನಡೆಯುತ್ತಿದ್ದರೆ ನಿಮ್ಮಲ್ಲಿ ಸರಿಯಾಗಿ ಹನ್ನೆರಡು ಗಂಟೆ. ಆ ದಿನಕ್ಕೆ ಈಗಲೇ ರಜೆ ಹಾಕಿ. ಧಾರಾವಾಹಿಗೆ ಮಾತ್ರ ಹಣ ಕೊಡಬೇಕಾಗುತ್ತದೆ. ಜೀ ಕನ್ನಡದವು ಜೀ5ರಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ ಇರುತ್ತವೆ. ಯಪ್‌ಟಿವಿಯಂಥವು ಹಲವು ವಾಹಿನಿಗಳನ್ನು ಒಟ್ಟು ಮಾಡಿ ಕೊಡುತ್ತವೆ. ಇವೆಲ್ಲ ವಿದೇಶದ ವೀಕ್ಷಕರಿಗೆಂದೇ ಬೇರೆ ಚಂದಾ ಇಟ್ಟಿವೆ. ಊರಿನಲ್ಲಿ ತಂದೆಯವರ ಮೊಬೈಲ್ ಸಂಖ್ಯೆಯಲ್ಲಿ ಕೊಂಡ ಚಂದಾ ಅಲ್ಲಿ ತೆರೆಯಬಹುದು ಎಂದು ನಂಬಿಕೊಂಡು ಕೂರಬೇಡಿ. ಕಾರ್ಯಕ್ರಮದ ಹಕ್ಕುಗಳು ದೇಶದಿಂದ ದೇಶಕ್ಕೆ ಬೇರೆ. ಅಮ್ಮ ನೋಡುವ ಧಾರಾವಾಹಿಗಳ ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಿ, ಜರ್ಮನಿಯಲ್ಲಿ ಕುಳಿತು ಆ ಆ್ಯಪ್‌ನಲ್ಲಿ ಅವು ಇವೆಯೇ ಹುಡುಕಿ, ಒಂದು ತಿಂಗಳಿಗೆ ಮಾತ್ರ ಹಣ ಕಟ್ಟಿ. ವರ್ಷದ ರಿಯಾಯಿತಿಗೆ ಮರುಳಾಗಬೇಡಿ, ಅವರು ಇರುವುದೇ ಮೂರು ತಿಂಗಳು.

ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಾವಿರ ವಾಹಿನಿ ತೋರಿಸುವ ಬಾಕ್ಸ್ ಒಂದನ್ನು ನಿಮಗೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಒಮ್ಮೆ ಹಣ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ ಎನ್ನುತ್ತಾರೆ. ಮಸ್ಕತ್‌ನಲ್ಲಿ ನನ್ನ ಕೋಣೆಯ ಜೊತೆಗಾರನೊಬ್ಬ ಇಂಥದ್ದನ್ನು ಕೊಂಡ. ಮೂರನೇ ತಿಂಗಳು ಪರದೆ ಕಪ್ಪಾಯಿತು, ಮಾರಿದವನ ಫೋನ್ ಎತ್ತುವವರಿಲ್ಲ. ಹಣ ಹೋದದ್ದು ಸಣ್ಣ ವಿಷಯ. ಕಾರ್ಯಕ್ರಮ ಮಾಡಿದವರಿಗೆ ಒಂದು ಪೈಸೆ ಸೇರದೆ ಕದ್ದು ಹರಿಸುವ ವ್ಯವಸ್ಥೆ ಅದು, ಮತ್ತು ನಿಮ್ಮ ಮನೆಯ ವೈಫೈಗೆ ಗುರುತಿಲ್ಲದ ತಂತ್ರಾಂಶವನ್ನು ಒಳಬಿಟ್ಟ ಹಾಗೆ. ಅದೇ ವೈಫೈನಲ್ಲಿ ನಿಮ್ಮ ಬ್ಯಾಂಕ್ ವ್ಯವಹಾರ ನಡೆಯುತ್ತದೆ. ಖಂಡಿತ ಬೇಡ. ವಿಪಿಎನ್ ಹಾಕಿ ಭಾರತದಲ್ಲಿದ್ದಂತೆ ತೋರಿಸಿಕೊಳ್ಳುವ ದಾರಿಯನ್ನೂ ನಾನು ಹೇಳುವುದಿಲ್ಲ. ಬಹುತೇಕ ಆ್ಯಪ್‌ಗಳ ಕರಾರಿಗೆ ಅದು ವಿರುದ್ಧ, ಅವು ಗುರುತು ಹಿಡಿದು ನಿಲ್ಲಿಸುತ್ತವೆ, ನಿಲ್ಲುವುದು ಯಾವಾಗಲೂ ನೀವು ಕಚೇರಿಯಲ್ಲಿರುವಾಗ. ಹಿಂದೆ ಸ್ಲಿಂಗ್‌ಬಾಕ್ಸ್ ಎಂಬ ಸಾಧನವಿತ್ತು, ಊರಿನ ಸೆಟ್‌ಟಾಪ್ ಬಾಕ್ಸ್‌ಗೆ ಜೋಡಿಸಿದರೆ ಅದರ ಚಿತ್ರವನ್ನು ಇಂಟರ್ನೆಟ್ ಮೂಲಕ ನೀವಿದ್ದಲ್ಲಿಗೆ ಕಳಿಸುತ್ತಿತ್ತು. ಅದರ ಸೇವೆ 2022ರ ನವೆಂಬರ್ 9ರಂದು ನಿಂತಿದೆ. ಈಗಲೂ ಹಳೆಯ ಪೆಟ್ಟಿಗೆಗಳನ್ನು ಮಾರುವವರಿದ್ದಾರೆ, ಕೊಳ್ಳಬೇಡಿ.

ಸಮಯದ ಲೆಕ್ಕವನ್ನು ಜನ ಮರೆಯುತ್ತಾರೆ, ಆದರೆ ನಿಮ್ಮ ಮನೆಯಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆ. ಅಕ್ಟೋಬರ್ ಕೊನೆಯವರೆಗೆ ಮ್ಯೂನಿಕ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಆಮೇಲೆ ನಾಲ್ಕೂವರೆ ಗಂಟೆ. ಮಂಡ್ಯದ ಸಂಜೆ ಏಳರ ಧಾರಾವಾಹಿ ನಿಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ, ನವೆಂಬರ್‌ನಲ್ಲಿ ಎರಡೂವರೆಗೆ ಬರುತ್ತದೆ. ಆಗ ನೀವೂ ನಿಮ್ಮ ಪತ್ನಿಯೂ ಕೆಲಸದಲ್ಲಿರುತ್ತೀರಿ, ಮಗಳು ಶಿಶುವಿಹಾರದಲ್ಲಿರುತ್ತಾಳೆ. ಹೊರಗೆ ಮಾತು ಬಾರದ ಊರು, ಒಳಗೆ ಇಬ್ಬರು ಹಿರಿಯರು ಮತ್ತು ಒಂದು ರಿಮೋಟ್. ಅವರು ಯಾರ ಸಹಾಯವೂ ಇಲ್ಲದೆ ಟಿವಿ ಹಚ್ಚಿ ಕನ್ನಡ ಕೇಳುವಂತಾಗಬೇಕು. ಇದನ್ನು ಸಾಧಿಸದಿದ್ದರೆ ಉಳಿದ ಯಾವ ಸಾಧನ ಕೊಂಡೂ ಫಲವಿಲ್ಲ.

ಅದಕ್ಕಾಗಿ ಟಿವಿಯೊಳಗಿನ ಆ್ಯಪ್‌ಗಳನ್ನು ನೆಚ್ಚಿಕೊಳ್ಳದೆ, ಎಚ್‌ಡಿಎಂಐಗೆ ಚುಚ್ಚುವ ಒಂದು ಸ್ಟ್ರೀಮಿಂಗ್ ಬಾಕ್ಸ್ ಕೊಳ್ಳಿ. ಲ್ಯಾನ್ ತೂತು ಇರುವಂಥದ್ದೇ ಆಗಲಿ. ಅದನ್ನು ಜರ್ಮನಿಯಲ್ಲೇ ಕೊಳ್ಳಿ, ಖಾತೆಯೂ ಅಲ್ಲಿನದೇ ಇರಲಿ. ಅಪ್ಪ, ಅಮ್ಮನಿಗೆಂದು ಬೇರೆಯೇ ಪ್ರೊಫೈಲ್ ಮಾಡಿ. ಮೊದಲ ಪುಟದಲ್ಲಿ ಮೂರೇ ಚಿತ್ರಗಳಿರಲಿ: ಯೂಟ್ಯೂಬ್, ಧಾರಾವಾಹಿಯ ಆ್ಯಪ್, ಇನ್ನೊಂದು ಯಾವುದು ಎಂದು ಅವರನ್ನೇ ಕೇಳಿ. ಉಳಿದವನ್ನೆಲ್ಲ ತೆಗೆದುಹಾಕಿ. ಭಾಷೆಯ ಆಯ್ಕೆಯಲ್ಲಿ ಕನ್ನಡ ಇದ್ದರೆ ಅದನ್ನೇ ಇಡಿ. ಎರಡು ಗಂಟೆಗೊಮ್ಮೆ ‘ಇನ್ನೂ ನೋಡುತ್ತಿದ್ದೀರಾ’ ಎಂದು ಜರ್ಮನ್‌ನಲ್ಲಿ ಕೇಳಿದರೆ ಅವರು ಟಿವಿ ಕೆಟ್ಟಿತೆಂದು ಆರಿಸಿಬಿಡುತ್ತಾರೆ. ಟಿವಿ ಮತ್ತು ಬಾಕ್ಸ್ ಎರಡರಲ್ಲೂ ಎಚ್‌ಡಿಎಂಐ-ಸಿಇಸಿ ಎಂಬ ಆಯ್ಕೆಯನ್ನು ಚಾಲೂ ಮಾಡಿ. ಆಗ ಬಾಕ್ಸಿನ ಒಂದೇ ರಿಮೋಟ್ ಟಿವಿಯನ್ನೂ ಹಚ್ಚುತ್ತದೆ, ದನಿಯನ್ನೂ ಏರಿಸುತ್ತದೆ. ಟಿವಿಯ ರಿಮೋಟನ್ನು ಡ್ರಾಯರ್‌ಗೆ ಹಾಕಿ ಮುಚ್ಚಿ.

ಆಮೇಲೆ ಅಮ್ಮನಿಗೆ ಫೋನ್ ಮಾಡಿ ಒಂದು ಪೊಟ್ಟಣ ಸ್ಟಿಕರ್ ಬೊಟ್ಟು ತರಲು ಹೇಳಿ. ನನ್ನ ಚಿಕ್ಕಮ್ಮನಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಾಗ ಅವರ ರಿಮೋಟಿನ ನಡುಗುಂಡಿಗೆ ಒಂದು ಕೆಂಪು ಬೊಟ್ಟು, ಹಿಂದಕ್ಕೆ ಹೋಗುವ ಗುಂಡಿಗೆ ಒಂದು ಹಸಿರು ಬೊಟ್ಟು ಅಂಟಿಸಿಕೊಟ್ಟೆ. ಮಖಮಲ್ಲಿನ ಬೊಟ್ಟು ಬೆರಳಿಗೆ ತಾಗುತ್ತದೆ, ನೋಡಬೇಕಾಗಿಯೇ ಇಲ್ಲ. ಕೆಂಪು ಒತ್ತಿದರೆ ಒಳಗೆ, ಹಸಿರು ಒತ್ತಿದರೆ ಹೊರಗೆ. ದಾರಿ ತಪ್ಪಿದಾಗ ಹಸಿರನ್ನೇ ನಾಲ್ಕು ಸಾರಿ ಒತ್ತಿದರೆ ಮೊದಲ ಪುಟ. ಅವರು ಒಂದೇ ದಿನದಲ್ಲಿ ಕಲಿತರು. ಅದಾದ ಮೇಲೆ ನಾನು ಜೋಡಿಸುವ ಪ್ರತಿ ಬಾಕ್ಸಿನ ರಿಮೋಟಿಗೂ, ಮನೆಯಲ್ಲಿ ಹಿರಿಯರಿದ್ದರೆ, ಇದನ್ನು ಮಾಡಿಯೇ ಹೊರಡುತ್ತೇನೆ.

ಶಬ್ದದ ಬಗ್ಗೆಯೂ ಯೋಚಿಸಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮನೆಯಾಚೆ ಸದ್ದು ಕೇಳಬಾರದು. ಮಂಡ್ಯದ ಗಡಿಯಾರದಲ್ಲೇ ಇರುವ ತಂದೆಯವರು ಮೊದಲ ವಾರವಂತೂ ಬೆಳಗಿನ ಜಾವ ಮೂರಕ್ಕೇ ಏಳುತ್ತಾರೆ. ಒಂದು ಬ್ಲೂಟೂತ್ ಹೆಡ್‌ಫೋನ್ ಕೊಡಿಸಿ, ಅದನ್ನು ಬಾಕ್ಸಿಗೆ ಮೊದಲೇ ಜೋಡಿಸಿಡಿ. ತೆಳು ಟಿವಿಗಳ ಸ್ಪೀಕರ್ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುವುದರಿಂದ ವಯಸ್ಸಾದವರಿಗೆ ಮಾತು ಮಸುಕಾಗಿ ಕೇಳುತ್ತದೆ. ಹಗಲಿಗೆ ಒಂದು ಸಣ್ಣ ಸೌಂಡ್‌ಬಾರ್ ಇದ್ದರೆ ಒಳ್ಳೆಯದು.

ತಂದೆಯವರಿಗೆ ರೇಡಿಯೋ ಹಿಡಿಸುವುದಾದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಡಿ. ಮೈಸೂರು ಆಕಾಶವಾಣಿ ಅದರಲ್ಲಿ ಬರುತ್ತದೆ. ಸಂಜೆಯ ಕೃಷಿ ಕಾರ್ಯಕ್ರಮವನ್ನು ಅವರು ಮ್ಯೂನಿಕ್‌ನ ಮಧ್ಯಾಹ್ನದಲ್ಲಿ ಕೇಳಬಹುದು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವ್ಯಾಟ್‌ನ ಪ್ರೇಷಕ ಇಟ್ಟುಕೊಂಡು ಶುರು ಮಾಡಿದ ನಿಲಯ ಅದು, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದೂ ಅಲ್ಲಿಂದಲೇ. ನಮ್ಮ ಕಸುಬಿನವರಿಗೆ ಆ ಮನೆಯ ಮುಂದೆ ಹಾಯುವಾಗ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ.

ಈಗ ಮಗಳ ಪಾಲು. ಜರ್ಮನಿಯಲ್ಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ವಂತಿಗೆ ಕೊಡುತ್ತದೆ, ಟಿವಿ ಇರಲಿ ಬಿಡಲಿ. ನೀವೂ ಕೊಡುತ್ತಲೇ ಇರುತ್ತೀರಿ. ಹಾಗಿರುವಾಗ ಸಾರ್ವಜನಿಕ ವಾಹಿನಿಗಳನ್ನು ನೋಡದಿರುವುದು ನಷ್ಟ. ಮಕ್ಕಳಿಗೆಂದೇ ಇರುವ ಕಿಕಾ ವಾಹಿನಿಯೊಂದೇ ಸಾಕು ಅದರ ಬೆಲೆಗೆ. ಅದನ್ನು ಪಡೆಯಲು ಏನನ್ನಾದರೂ ಕೊಳ್ಳುವ ಮೊದಲು ಟಿವಿ ಹಿಂದಿನ ಗೋಡೆಯ ಸಾಕೆಟ್ ನೋಡಿ. ತಿರುಪಿನ ತುದಿ ಇದ್ದರೆ ಮಾಳಿಗೆಯ ಮೇಲೆ ಇಡೀ ಕಟ್ಟಡಕ್ಕೆ ಒಂದೇ ಡಿಶ್ ಇರಬಹುದು. ಮನೆ ಮಾಲೀಕರನ್ನು ಕೇಳಿ. ಅಲ್ಲಿನ ಟಿವಿಗಳಲ್ಲಿ ಉಪಗ್ರಹದ ಟ್ಯೂನರ್ ಒಳಗೇ ಇರುವುದರಿಂದ ಒಂದು ವೈರ್ ಚುಚ್ಚಿದರೆ ಕೆಲಸ ಮುಗಿಯಿತು. ಕೇಬಲ್ ಆಗಿದ್ದರೆ, 2024ರ ಜುಲೈ 1ರಿಂದ ಅದರ ಶುಲ್ಕವನ್ನು ಬಾಡಿಗೆಯ ಜೊತೆಗಿನ ಖರ್ಚಿನಲ್ಲಿ ಸೇರಿಸುವಂತಿಲ್ಲ. ಬೇಕಾದವರು ಪ್ರತ್ಯೇಕ ಕರಾರು ಮಾಡಿಕೊಳ್ಳಬೇಕು, ಬೇಡವಾದರೆ ಬಿಡಬಹುದು.

ನನ್ನ ಮಟ್ಟಿಗೆ ನಿಮಗೆ ಹೇಳಿ ಮಾಡಿಸಿದ್ದು ಡಿವಿಬಿ-ಟಿ2 ಆಂಟೆನಾ, ಅಂದರೆ ಗೋಪುರದಿಂದ ಗಾಳಿಯಲ್ಲಿ ಬರುವ ಟಿವಿಯನ್ನು ಹಿಡಿಯುವಂಥದ್ದು. ಮ್ಯೂನಿಕ್‌ನ ಒಲಿಂಪಿಕ್ ಗೋಪುರ 291 ಮೀಟರ್ ಎತ್ತರವಿದೆ, ನಗರದ ಟಿವಿ ಅಲೆಗಳು ಅಲ್ಲಿಂದ ಹೊರಡುತ್ತವೆ. ನಗರದೊಳಗೇ ಇದ್ದೀರಾದರೆ ಪುಸ್ತಕದಷ್ಟು ದೊಡ್ಡ ಒಳಾಂಗಣ ಆಂಟೆನಾವನ್ನು ಆ ಗೋಪುರದ ದಿಕ್ಕಿನ ಕಿಟಕಿಯ ಬಳಿ ಇಟ್ಟರೆ ಸಾರ್ವಜನಿಕ ವಾಹಿನಿಗಳು ಬೀಗವಿಲ್ಲದೆ ಬರುತ್ತವೆ. ಖಾಸಗಿ ವಾಹಿನಿಗಳ ಎಚ್‌ಡಿಗೆ ಮಾತ್ರ ಬೇರೆ ಹಣ. ಟಿವಿ 2017ಕ್ಕಿಂತ ಹಳೆಯದಾದರೆ ಎಚ್‌ಇವಿಸಿ ಎಂಬ ರೀತಿಯಲ್ಲಿ ಕುಗ್ಗಿಸಿ ಕಳಿಸುವ ಚಿತ್ರವನ್ನು ಬಿಡಿಸಬಲ್ಲದೇ ಎಂದು ಅದರ ಕೈಪಿಡಿಯಲ್ಲಿ ನೋಡಿ. ಜರ್ಮನಿ ಆ ವರ್ಷದ ಮಾರ್ಚ್‌ನಲ್ಲಿ ಈ ಪದ್ಧತಿಗೆ ಬದಲಾಯಿತು.

ಆದರೂ ಬಾಲ್ಕನಿಯಲ್ಲಿ ಡಿಶ್ ಇಡುವ ಆಸೆ ನಿಮ್ಮ ಪತ್ರದ ಸಾಲುಗಳಲ್ಲಿ ಕಾಣುತ್ತದೆ, ಅದು ನನಗೆ ಅರ್ಥವಾಗುತ್ತದೆ. ನೂರಾರು ವಾಹಿನಿ ಬೇಕೆಂದರೆ ಮಾಡಿ, ಆದರೆ ಅಲ್ಲಿ ಸಿಗುವುದು ಜರ್ಮನ್ ವಾಹಿನಿಗಳು ಎಂಬುದು ನೆನಪಿರಲಿ. ಮಾಲೀಕರ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ತಾಯ್ನಾಡಿನ ಸುದ್ದಿ ತಿಳಿಯುವ ಹಕ್ಕಿಗಾಗಿ ಡಿಶ್ ಕೇಳಿದ ವಿದೇಶಿ ಬಾಡಿಗೆದಾರರ ಪರವಾಗಿ ಅಲ್ಲಿನ ಸಂವಿಧಾನ ನ್ಯಾಯಾಲಯ 1994ರಲ್ಲಿ ಮಾತಾಡಿತ್ತು ನಿಜ, ಆದರೆ ನಿಮ್ಮ ಭಾಷೆ ಆ ಡಿಶ್‌ನಲ್ಲಿ ಬರುವುದೇ ಇಲ್ಲವಾದ್ದರಿಂದ ಆ ವಾದ ನಿಮಗೆ ಒದಗುವುದಿಲ್ಲ.

ನೋಡಬೇಕಾದ ಉಪಗ್ರಹ 19.2 ಡಿಗ್ರಿ ಪೂರ್ವದ ಆಸ್ಟ್ರಾ. ಮ್ಯೂನಿಕ್‌ನಿಂದ ಅದು ದಕ್ಷಿಣಕ್ಕಿಂತ ಹತ್ತು ಡಿಗ್ರಿ ಎಡಕ್ಕೆ, 34 ಡಿಗ್ರಿ ಎತ್ತರದಲ್ಲಿದೆ. ಎದುರಿನ ಕಟ್ಟಡ ನಿಮ್ಮ ಬಾಲ್ಕನಿಗಿಂತ ಹತ್ತು ಮೀಟರ್ ಎತ್ತರವಿದ್ದರೆ ಅದು ಕನಿಷ್ಠ ಹದಿನೈದು ಮೀಟರ್ ದೂರದಲ್ಲಿರಬೇಕು. ಇದನ್ನು ಲೆಕ್ಕವಿಲ್ಲದೆ ತಿಳಿಯುವ ಉಪಾಯವೂ ಇದೆ, ನನಗೆ ತುಂಬ ಪ್ರಿಯವಾದದ್ದು. ಅಕ್ಟೋಬರ್ ಎರಡನೇ ವಾರದಲ್ಲಿ ಮಧ್ಯಾಹ್ನ ಸುಮಾರು 12.25ಕ್ಕೆ ಸೂರ್ಯ ಆ ಉಪಗ್ರಹದ ಹಿಂದೆಯೇ ಹಾಯುತ್ತಾನೆ. ಮಾರ್ಚ್ ಮೊದಲ ವಾರದಲ್ಲಿ 11.50ರ ಸುಮಾರಿಗೆ. ಆ ಗಳಿಗೆಯಲ್ಲಿ ನಿಮ್ಮ ಬಾಲ್ಕನಿಯಲ್ಲಿ ಎಲ್ಲಿ ಬಿಸಿಲು ಬೀಳುತ್ತದೆಯೋ ಅಲ್ಲಿ ಡಿಶ್ ಕೆಲಸ ಮಾಡುತ್ತದೆ, ನೆರಳು ಬಿದ್ದಲ್ಲಿ ಮಾಡುವುದಿಲ್ಲ. ಒಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.

ಮಂಡ್ಯದ ತಾರಸಿಗಳಲ್ಲಿ ಡಿಶ್ ಆಕಾಶಕ್ಕೆ ಮುಖವೆತ್ತಿ ಮಲಗಿರುವುದನ್ನು ನೋಡಿದ ಕಣ್ಣಿಗೆ ಮ್ಯೂನಿಕ್‌ನ ಡಿಶ್‌ಗಳು ತಪ್ಪಾಗಿ ಕೂರಿಸಿದಂತೆ ಕಾಣುತ್ತವೆ. ಅಲ್ಲಿ ಅವು ಗೋಡೆಯಂತೆ ನೆಟ್ಟಗೆ ನಿಂತಿರುತ್ತವೆ. ಈ ಬಗೆಯ ಡಿಶ್ ತಾನು ಮುಖ ಮಾಡಿದ ದಿಕ್ಕಿಗಿಂತ ಸುಮಾರು 25 ಡಿಗ್ರಿ ಮೇಲಿಂದ ಅಲೆ ಹಿಡಿಯುತ್ತದೆ, ಹಾಗಾಗಿ 34 ಡಿಗ್ರಿಯ ಉಪಗ್ರಹಕ್ಕೆ ಒಂಬತ್ತು ಡಿಗ್ರಿಯಷ್ಟೇ ಬಾಗಿದರೆ ಸಾಕು. ಊರಿನ ಅಭ್ಯಾಸದಲ್ಲಿ ಅದನ್ನು ಹಿಂದಕ್ಕೆ ಮಲಗಿಸಬೇಡಿ. 80 ಸೆಂಟಿಮೀಟರ್ ಡಿಶ್ ಹಿಡಿಯುವ ಕಿಂಡಿ ಸುಮಾರು ಎರಡು ಡಿಗ್ರಿ ಅಗಲ. ಪೆನ್ಸಿಲ್ ಸೀಸದಷ್ಟು ಸರಿಸಿ, ಹತ್ತು ಎಣಿಸಿ, ಟಿವಿಯ ಸಿಗ್ನಲ್ ಪಟ್ಟಿ ನೋಡಿ, ಮತ್ತೆ ಸರಿಸಿ. ಅವಸರದಲ್ಲಿ ತಿರುಗಿಸಿದರೆ ಉಪಗ್ರಹ ದಾಟಿ ಹೋದದ್ದೇ ತಿಳಿಯುವುದಿಲ್ಲ. ಇಟಲಿ, ಪೋಲೆಂಡಿನ ವಾಹಿನಿಗಳು ಬಂದರೆ 13 ಡಿಗ್ರಿಯ ಹಾಟ್‌ಬರ್ಡ್ ಸಿಕ್ಕಿದೆ ಎಂದರ್ಥ, ಇನ್ನು ಸ್ವಲ್ಪ ಎಡಕ್ಕೆ ಬನ್ನಿ. ಡಿಶ್ ವೈರಿನ ತುದಿಗೆ ತಿರುಪಿನ ಎಫ್ ಕನೆಕ್ಟರ್ ಕೂರಿಸುವಾಗ ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಾಮ್ರಕ್ಕೆ ತಾಗಬಾರದು. ನನ್ನ ಅನುಭವದಲ್ಲಿ ‘ಸಿಗ್ನಲ್ ಇಲ್ಲ’ ಎಂಬ ದೂರುಗಳ ಹಿಂದೆ ಕೂದಲಿನಂಥ ಆ ಒಂದು ಎಳೆಯೋ ಕನೆಕ್ಟರಿಗೆ ನೀರು ಇಳಿದು ಹಿಡಿದ ಕಿಲುಬೋ ಇರುತ್ತದೆ. ಕಿಟಕಿ ಸಂದಿಯಲ್ಲಿ ತೂರುವ ಚಪ್ಪಟೆ ತುಂಡು ವೈರ್ ಸಿಗುತ್ತದೆ, ಕೊರೆಯುವ ಕೆಲಸವಿಲ್ಲ. ಡಿಸೆಂಬರ್‌ನಲ್ಲಿ ಒದ್ದೆ ಹಿಮ ಅಂಟಿಕೊಂಡರೆ ಮೆತ್ತನೆಯ ಪೊರಕೆಯಿಂದ ಗುಡಿಸಿ.

ವಿದ್ಯುತ್ತಿನ ಚಿಂತೆ ನಿಮಗಿಲ್ಲ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಊರಿನ ತೆಳು ಎರಡು ಕಡ್ಡಿಯ ಚಾರ್ಜರ್ ಸಾಮಾನ್ಯವಾಗಿ ಹೋಗುತ್ತದೆ, ಮೂರು ದುಂಡು ಕಡ್ಡಿಯ ಪ್ಲಗ್ ಹೋಗುವುದಿಲ್ಲ. ಅಮೆರಿಕಕ್ಕೆ ಹೋಗುವವರು ಇದನ್ನು ಓದುತ್ತಿದ್ದರೆ ಅವರಿಗೆ ಬೇರೆ ಮಾತು: ಅಲ್ಲಿ 120 ವೋಲ್ಟ್, 60 ಹರ್ಟ್ಸ್, ಗಾಳಿಯಲ್ಲಿ ಬರುವ ಟಿವಿಗೆ ಎಟಿಎಸ್‌ಸಿ ಎಂಬ ಬೇರೆಯೇ ಪದ್ಧತಿ. ಬ್ರಿಟನ್ನಿನಲ್ಲಿರುವವರು ನೇರ ಪ್ರಸಾರ ನೋಡಲು, ಅದು ಇಂಟರ್ನೆಟ್‌ನಲ್ಲಿ ಬರುವ ನಮ್ಮ ವಾಹಿನಿಯೇ ಆಗಿರಲಿ, ಟಿವಿ ಲೈಸೆನ್ಸ್ ಪಡೆದಿರಬೇಕು.

ಟಿವಿಯನ್ನು ಊರಿಗೆ ತರುವ ವಿಚಾರ ಬಿಡಿ. ವೋಲ್ಟೇಜ್ ಹೊಂದುತ್ತದೆ, ಎಚ್‌ಡಿಎಂಐಗೆ ಇಲ್ಲಿನ ಸೆಟ್‌ಟಾಪ್ ಬಾಕ್ಸ್ ಚುಚ್ಚಿದರೆ ಚಿತ್ರವೂ ಬರುತ್ತದೆ. ಆದರೆ ತೆಳು ಪರದೆ ವಿಮಾನದ ಸಾಗಣೆಯಲ್ಲಿ ಒಡೆದರೆ ಕೇಳುವವರಿಲ್ಲ, ಇಲ್ಲಿ ಗ್ಯಾರಂಟಿ ನಡೆಯುವುದಿಲ್ಲ, ಆ ಮಾದರಿಯ ಬಿಡಿಭಾಗಕ್ಕೆ ನಾವು ತಿಂಗಳುಗಟ್ಟಲೆ ಕಾಯಬೇಕು. ಚಪ್ಪಟೆ ಟಿವಿಗೆ ಇದ್ದ ಸುಂಕ ವಿನಾಯಿತಿಯನ್ನು 2013ರ ಆಗಸ್ಟ್‌ನಲ್ಲೇ ತೆಗೆದರು. ಅಲ್ಲೇ ಯಾರಿಗಾದರೂ ಮಾರಿ ಬನ್ನಿ. ಸ್ಟ್ರೀಮಿಂಗ್ ಬಾಕ್ಸನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬರಬಹುದು.

ಅವರು ಹೊರಡುವ ಹತ್ತು ದಿನ ಮೊದಲು, ನಿಮ್ಮ ಮಧ್ಯಾಹ್ನ ಮೂರೂವರೆಗೆ, ಎಲ್ಲವನ್ನೂ ಜೋಡಿಸಿಟ್ಟು ಮಂಡ್ಯಕ್ಕೆ ಫೋನ್ ಮಾಡಿ. ಅಪ್ಪ ನೋಡುತ್ತಿರುವ ವಾಹಿನಿಯನ್ನೇ ನೀವೂ ಹಚ್ಚಿ. ಅವರ ಟಿವಿಯ ಮಾತು ಫೋನಿನಲ್ಲಿ ಮೊದಲು ಕೇಳುತ್ತದೆ, ನಿಮ್ಮದರಲ್ಲಿ ಅರ್ಧ ನಿಮಿಷವೋ ಒಂದು ನಿಮಿಷವೋ ತಡವಾಗಿ. ಇಂಟರ್ನೆಟ್ ಪ್ರಸಾರದಲ್ಲಿ ಅಷ್ಟು ತಡ ಸಹಜ. ಒಂದು ಗಂಟೆ ಹಾಗೆಯೇ ಬಿಡಿ. ಆ ಒಂದು ಗಂಟೆಯಲ್ಲಿ ಚಕ್ರ ಒಮ್ಮೆಯೂ ಸುತ್ತದಿದ್ದರೆ ರಿಮೋಟಿಗೆ ಬೊಟ್ಟು ಅಂಟಿಸುವುದಷ್ಟೇ ಬಾಕಿ. ಸುತ್ತಿದರೆ ವೈರ್ ಎಳೆಯಲು ನಿಮಗೆ ಇನ್ನೂ ಹತ್ತು ದಿನಗಳಿವೆ.